ಅಗಸ್ತ್ಯ ಟೊಪ್ಪಿ

ಅಗಸ್ತ್ಯ ಮುನಿ ಕಡಲನ್ನೇ ಬೊಗಸೆಯಲ್ಲಿ ಎತ್ತಿ ಕುಡಿದನಂತೆ. ತಳದಲ್ಲಿ ಅಡಗಿದ್ದ ರಕ್ಕಸರು ಬಯಲಿಗೆ ಬಿದ್ದರು, ದೇವತೆಗಳು ಹೂಮಳೆ ಕರೆದರು, ಎಲ್ಲ ಸರಿ. ಆದರೆ ಆ ಹೊತ್ತು ದಡದಲ್ಲಿ ಬಲೆ ಒಣಗಿಸುತ್ತ ನಿಂತಿದ್ದವರ ಎದೆ ಏನಾಯಿತು ಎಂಬುದನ್ನು ಕಥೆ ಹೇಳಿದವರು ಯಾರೂ ಹೇಳಲಿಲ್ಲ. ಹೇಳದೆ ಬಿಟ್ಟ ಆ ಒಂದು ಸಂಗತಿಯನ್ನು ಅಳೆಯುವ ಯಂತ್ರವೊಂದು ಬಂದರೆ?

ಬಂತು. ಕರಾವಳಿ ಮೌಲ್ಯ ಕಾಯ್ದೆ ಜಾರಿಯಾದ ಮೇಲೆ, ಹೊಳೆ ಕಡಲು ಸೇರುವ ಯಾವ ಅಳಿವೆಯ ಬಾಯಿ ಕಟ್ಟಬೇಕಾದರೂ, ಯಾವ ದಡಕ್ಕೆ ಮಣ್ಣು ತುಂಬಬೇಕಾದರೂ, ಅಲ್ಲಿನ ನೀರು ಜನಕ್ಕೆ ಏನೇನು ಮಾಡಿಕೊಡುತ್ತಿದೆ ಎಂಬುದರ ಬೆಲೆ ಮೊದಲು ತೀರ್ಮಾನವಾಗಬೇಕಿತ್ತು. ಮೀನಿನ ಮರಿಗಳಿಗೆ ತೊಟ್ಟಿಲಾಗಿದ್ದಕ್ಕೆ ಇಷ್ಟು, ಉಪ್ಪುನೀರಲ್ಲಿ ಬೇರುಬಿಟ್ಟ ಕಾಂಡ್ಲಾ ಗಿಡಗಳು ಅಲೆಯ ಹೊಡೆತ ತಡೆದಿದ್ದಕ್ಕೆ ಇಷ್ಟು, ಕೆಸರು ಗಾಳಿಯ ಇಂಗಾಲವನ್ನು ನುಂಗಿಕೊಂಡಿದ್ದಕ್ಕೆ ಇಷ್ಟು, ಚಿಪ್ಪುಗಳು ನೀರನ್ನು ಸೋಸಿದ್ದಕ್ಕೆ ಇಷ್ಟು. ಇವೆಲ್ಲ ಲೆಕ್ಕಕ್ಕೆ ಸಿಕ್ಕವು. ಆದರೆ ಕಡಲು ಸುಮ್ಮನೆ ಇರುವುದಕ್ಕೆ, ಬೆಳಿಗ್ಗೆ ಕದ ತೆಗೆದರೆ ಎದುರಿಗೆ ಇರುವುದಕ್ಕೆ ಬೆಲೆ ಎಷ್ಟು? ಅದು ಯಾವ ಸಂತೆಯಲ್ಲೂ ಮಾರಾಟಕ್ಕಿಲ್ಲ. ಬಾಯಿಬಿಟ್ಟು ಕೇಳಿದರೆ ಒಬ್ಬರು ಕೋಟಿ ಎನ್ನುತ್ತಿದ್ದರು, ಇನ್ನೊಬ್ಬರು ನಗುತ್ತಿದ್ದರು. ಬಾಯಿ ಸುಳ್ಳಾಡಬಹುದು, ಮೈ ಆಡಲಾರದು ಎಂದು ನಂಬಿದವರು ಟೊಪ್ಪಿಯನ್ನು ಮಾಡಿದರು.

ಟೊಪ್ಪಿ ಕಪ್ಪಗೆ, ಕಣ್ಣು ಕಿವಿ ಮೂಗು ಮುಚ್ಚುವಷ್ಟು ದೊಡ್ಡದು. ಮನುಷ್ಯನನ್ನು ಅವನದೇ ದಡದಲ್ಲಿ, ಅವನದೇ ಕಡಲಿಗೆ ಎದುರಾಗಿ ಕೂರಿಸಿ ಅದನ್ನು ತೊಡಿಸುವುದು. ಒಳಗೆ ಮೊದಲು ಅದೇ ಕಡಲು ಕಾಣುತ್ತದೆ. ನಿಧಾನವಾಗಿ ಅಲೆಯ ಸದ್ದು ಅಡಗುತ್ತದೆ, ಉಪ್ಪಿನ ವಾಸನೆ ಆರುತ್ತದೆ, ಹಕ್ಕಿ ಇಲ್ಲವಾಗುತ್ತದೆ, ನೀರು ಬೂದಿಬಣ್ಣಕ್ಕೆ ತಿರುಗಿ ಕರಗುತ್ತದೆ. ಆ ಹೊತ್ತು ಮೈ ಎಷ್ಟು ಬೆಚ್ಚಿತು, ಉಸಿರು ಎಷ್ಟು ಮುಗ್ಗರಿಸಿತು, ನರ ಎಷ್ಟು ಸೆಳೆಯಿತು ಎಂಬುದನ್ನು ಪರದೆಯ ಮೇಲೆ ಒಂದು ಗೆರೆ ಬರೆಯುತ್ತ ಹೋಗುತ್ತದೆ. ಗೆರೆ ಕೆಳಗಿಳಿದಷ್ಟೂ ಅಗಲಿಕೆ ಆಳ. ಮನೆ ಕಳೆದುಕೊಂಡವರ, ಬಂಗಾರ ಕಳೆದುಕೊಂಡವರ ಗೆರೆಗಳನ್ನು ಮೊದಲೇ ಅಳೆದಿಟ್ಟಿದ್ದರಿಂದ, ಅವುಗಳ ಪಕ್ಕದಲ್ಲಿಟ್ಟು ಕಡಲಿನ ಬೆಲೆ ಹೇಳುವುದು ಕಷ್ಟವಾಗಿರಲಿಲ್ಲ. ಯಂತ್ರಕ್ಕೆ ಉದ್ದನೆಯ ಸರಕಾರಿ ಹೆಸರು ಇತ್ತು. ಕೇಂದ್ರದಲ್ಲಿ ಎಲ್ಲರೂ ಅಗಸ್ತ್ಯ ಟೊಪ್ಪಿ ಎನ್ನುತ್ತಿದ್ದರು.

ಆ ದಿನ ಕಾರವಾರದ ಗುಡ್ಡದ ಮೇಲಿನ ಕೇಂದ್ರದಲ್ಲಿ ನಳಿನಾಕ್ಷಿ ಪರದೆಯ ಮುಂದೆ ಕುಳಿತವಳು ಎದ್ದು ನಿಂತಳು, ಮತ್ತೆ ಕುಳಿತಳು. ಟೊಪ್ಪಿಯೊಳಗೆ ಕಾಣುವ ಕಡಲನ್ನು ಚಿತ್ರಿಸುವುದು ಅವಳ ಕೆಲಸ. ಬೇರೆ ಬೇರೆ ದಡಗಳ ಗೆರೆಗಳು ಒಂದರ ಕೆಳಗೊಂದು ಸಾಲಾಗಿದ್ದವು. ರಜೆಗೆ ಬಂದು ಹೋಟೆಲಿನ ಕಿಟಕಿಯಿಂದ ಕಡಲು ನೋಡುವವರ ಗೆರೆ ಬಾವಿಗೆ ಬಿದ್ದಂತೆ ಇಳಿದಿತ್ತು. ಅವಳ ಹುಟ್ಟೂರು ಬೆಳ್ಳೆಕೋಡಿಯ ಗೆರೆಗಳು ಮಾತ್ರ ಹಗ್ಗ ಹಿಡಿದು ಎಳೆದಂತೆ ನೆಟ್ಟಗಿದ್ದವು. ಒಂದು ಊರಿಗೆ ಊರೇ ತನ್ನ ಕಡಲು ಬತ್ತುವುದನ್ನು ನೋಡಿ ರೆಪ್ಪೆ ಕದಲಿಸಿರಲಿಲ್ಲ.

"ಏನ್ರಿ ನಳಿನಾಕ್ಷಿ," ಹಿಂದಿನಿಂದ ಡಾಕ್ಟರ್ ವಾದಿರಾಜ ಗಲಗಲಿ ಅಂದರು. ಅವರು ಕೇಂದ್ರದ ನಿರ್ದೇಶಕರು, ಬಾಗಲಕೋಟೆ ಕಡೆಯವರು. "ನಿಮ್ಮೂರಿನವರು ಇಷ್ಟು ನಿರ್ಮೋಹಿಗಳಂತ ನಂಗ ಗೊತ್ತಿದ್ದಿಲ್ಲ. ಎಲ್ಲಾರೂ ಜನಕರಾಜನ ವಂಶದವರೇನು?"

"ಯಂತ್ರ ಕೆಟ್ಟಿರಬೇಕು ಸರ್."

"ಬದಲಿ ಟೊಪ್ಪಿ ಹಾಕಿಸಿ ನೋಡೀನಿ. ಕೆಟ್ಟಿಲ್ಲ." ನಗು ಅವರ ಮುಖದಿಂದ ಇಳಿಯಿತು. "ಹಿಂಗ ಉಳದ್ರ ಅಳಿವಿ ಬಾಯಿ ಕಟ್ಟಲಿಕ್ಕೆ ಒಪ್ಪಿಗಿ ಕೊಡಬೇಕಾಗ್ತದವ್ವ. ನನ್ನ ಕೈಯಾಗಿಲ್ಲ."

ಬೆಳ್ಳೆಕೋಡಿಯ ಅಳಿವೆಯನ್ನು ಕೇಳಿದ್ದು ಒಂದು ಲೋಹದ ಕಂಪನಿ. ಬಾಯಿಗೆ ಗೋಡೆ ಕಟ್ಟಿ, ಒಳಗಿನ ನೀರನ್ನು ಕೊಳಗಳಾಗಿ ಒಡೆದು, ಬಿಸಿಲಿಗೆ ಕಾಯಿಸಿ, ಬ್ಯಾಟರಿಗೆ ಬೇಕಾದ ಲೋಹ ತೆಗೆಯುವ ಯೋಜನೆ. ಮರಿಮೀನು, ಕಾಂಡ್ಲಾ, ಕೆಸರು, ಚಿಪ್ಪು ಎಲ್ಲ ಸೇರಿಸಿದರೂ ಅಳಿವೆಯ ಬೆಲೆ ಲೋಹದ ಬೆಲೆಯ ಮೊಣಕಾಲಿಗೂ ಬರಲಿಲ್ಲ. ಟೊಪ್ಪಿಯೊಂದೇ ಕಾಯಬೇಕಿತ್ತು. ಟೊಪ್ಪಿ ಸೊನ್ನೆ ಅಂದಿತ್ತು.

"ಮೇಲ್ಮನವಿ ಹಾಕಲಿ," ಗಲಗಲಿ ಮೆಲ್ಲಗೆ ಅಂದರು. "ಊರಿನ ಪರವಾಗಿ ಒಬ್ಬ ತಂತ್ರಜ್ಞರು ಯಂತ್ರದ ಮುಂದ ಕೂಡಬಹುದು. ನೀವು ರಜಾ ಬರದು ಹೋಗ್ರಿ. ಆದ್ರ ನೆನಪಿರಲಿ, ಎರಡನೇ ಅಳತಿಯೊಳಗ ಮದಲು ಟೊಪ್ಪಿ ಹಾಕಿದ ಸಾಕ್ಷಿಗಳ ಪೈಕಿ ಒಬ್ಬರದಾದ್ರೂ ಮದಲಿನಂಗ, ಇಲ್ಲಾ ಅದಕ್ಕಿಂತಾ ಕಡಿಮಿ ಬಂತಂದ್ರ ಮುಗೀತು. ಮದಲಿನದ ಖಾಯಂ."

*

ಬಾಗಿ ಚಿಕ್ಕಮ್ಮ ಹಿತ್ತಲ ಬಾಗಿಲಲ್ಲಿ ಕುಳಿತು ಚಿಪ್ಪು ಒಡೆಯುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ನಳಿನಾಕ್ಷಿಯನ್ನು ಸಾಕಿದವಳು ಅವಳೇ. ಇಳಿತದ ಹೊತ್ತಿಗೆ ಅಳಿವೆಗೆ ಇಳಿದು, ಸೊಂಟಮಟ್ಟ ನೀರಲ್ಲಿ ಕಾಲಿನ ಬೆರಳಿಂದಲೇ ಚಿಪ್ಪು ಹುಡುಕಿ ಬುಟ್ಟಿ ತುಂಬುವುದು ಅವಳ ಜೀವನ. ಹಣೆಯಲ್ಲಿ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ. ಸಾಧು ಚಿಕ್ಕಪ್ಪ ದೋಣಿ ಹತ್ತಿ ಹೋದಾಗ ನಳಿನಾಕ್ಷಿ ಇನ್ನೂ ಅಕ್ಷರ ಕಲಿಯುತ್ತಿದ್ದಳು. ದೋಣಿಯೂ ಬರಲಿಲ್ಲ, ದೋಣಿಯ ಒಂದು ಹಲಗೆಯೂ ಬರಲಿಲ್ಲ. ಏನೂ ಬಾರದ್ದರಿಂದ ಯಾವ ಕ್ರಿಯೆಯೂ ಆಗಲಿಲ್ಲ. ಊರವರು ಮದುವೆ ಮುಂಜಿಗೆ ಅವಳನ್ನು ಮುತ್ತೈದೆಯಾಗಿಯೇ ಕರೆಯುತ್ತಿದ್ದರು.

"ಎಂತ ಹೆಣೆ, ಬಪ್ಪುಕೆ ಮುಂಚೆ ಒಂದ್ ಫೋನ್ ಮಾಡೂಕಾಗ್ದಾ?" ಚಿಕ್ಕಮ್ಮ ಕತ್ತಿ ಕೆಳಗಿಟ್ಟಳು. "ಒಳ್ಳೆ ಮೀನ್ ತಕಂಡ್ ಇಡ್ತಿದ್ದೆ. ಈಗ ಚಿಪ್ಪಿನ ಸುಕ್ಕವೇ ಗತಿ."

"ಚಿಕ್ಕಿ, ಅವತ್ತು ಟೊಪ್ಪಿ ಹಾಕಿದ್ರಲ್ಲ, ಒಳಗೆ ಎಂತ ಕಂಡಿತ್ತು?"

"ಕಡ್ಲ್ ಕಂಡ್ತ್. ಮತ್ತೆ ಕಾಣ್ಲಿಲ್ಲೆ."

"ನಿಂಗೆ ಎಂತವೂ ಅನ್ಸಲಿಲ್ಯಾ?"

ಚಿಕ್ಕಮ್ಮ ಉತ್ತರ ಕೊಡುವ ಮೊದಲೇ ಪಕ್ಕದ ಮನೆಯ ಚಂದು ಬೇಲಿಯ ಆಚೆಯಿಂದ ಬಾಯಿ ಹಾಕಿದಳು. ಚಂದುವಿನ ನಾಲಗೆಗೆ ಊರು ಹೆದರುತ್ತಿತ್ತು. "ಅನ್ಸೂದೆಂತ? ಕುತ್ಗೆ ಬೆವ್ರಿ ನೀರಾಯ್ತ್ ಅನ್ನಿಸ್ತ್. ಬೈಕಿಲ್ದೆ ಹೆಲ್ಮೆಟ್ ಹಾಯ್ಕಂಡ್ ಕೂತದ್ದ್ ಈ ಊರಂಗೆ ನಾವೇ ಸೈ. ಪೊಲೀಸ್ರ್ ಕಂಡಿದ್ರೆ ಶಾಲು ಹೊದಿಸ್ತಿದ್ರ್."

ಅಷ್ಟರಲ್ಲಿ ಅಂಗಳದಲ್ಲಿ ಓಡುತ್ತಿದ್ದ ಚಂದುವಿನ ಮೊಮ್ಮಗಳು ಕಲ್ಲಿಗೆ ಎಡವಿ ಬಿದ್ದಳು. ಮಂಡಿ ಒಡೆಯಿತು. ಮಗು ಉಸಿರು ಎಳೆದುಕೊಂಡಿತು. ಅಳು ಹೊರಗೆ ಬರುವ ಮೊದಲೇ ಚಂದು ಅದನ್ನು ಬಾಚಿ ಎತ್ತಿ, ಅಂಗೈಯಿಂದ ಬಾಯಿ ಮುಚ್ಚಿ, ಮೂಡುದಿಕ್ಕಿಗೆ ಓಡಿದಳು. ಡಾಮರು ರಸ್ತೆ ದಾಟಿ, ತೆಂಗಿನ ಹಿತ್ತಿಲು ದಾಟಿ, ಅಲ್ಲಿ ಕೈ ತೆಗೆದಳು. ದೂರದಿಂದ ಮಗುವಿನ ಅಳು ಕೇಳಿಸಿತು, ಸಣ್ಣಗೆ.

ನಳಿನಾಕ್ಷಿ ಕಡಲಿನ ಕಡೆ ತಿರುಗಿದಳು. ಇಷ್ಟು ದೊಡ್ಡ ಯಂತ್ರದ ಬೆನ್ನಿಗೆ ಕೂತವಳು, ಇದೇ ಅಂಗಳದಲ್ಲಿ ಬೆಳೆದವಳು, ಇದನ್ನು ಹೇಗೆ ಮರೆತಳು? ಬೆಳ್ಳೆಕೋಡಿಯಲ್ಲಿ ದೋಣಿ ನೀರಿನ ಮೇಲಿರುವ ತನಕ ಕಡಲಿಗೆ ಕೇಳುವಂತೆ ಅಳಬಾರದು. ಅತ್ತರೆ, ದಡದವರು ಆಸೆ ಬಿಟ್ಟರು ಎಂದು ಕಡಲಿಗೆ ತಿಳಿಯುತ್ತದೆ. ದಡ ಬಿಟ್ಟುಕೊಟ್ಟದ್ದನ್ನು ಕಡಲು ಇಟ್ಟುಕೊಳ್ಳುತ್ತದೆ. ಆದುದರಿಂದ ಗಾಳಿ ಎದ್ದು ಗಂಡಸರು ತಿರುಗಿ ಬಾರದ ಹೊತ್ತಿನಲ್ಲಿ ಇಲ್ಲಿನ ಹೆಂಗಸರು ಕಡಲಿಗೆ ಮುಖಮಾಡಿ ಸಾಲಾಗಿ ಕೂರುತ್ತಾರೆ. ಉಸಿರನ್ನು ಉದ್ದ ಮಾಡುತ್ತಾರೆ. ಎದೆಯ ಬಡಿತವನ್ನೇ ಹಿಡಿದು ನಿಧಾನ ಮಾಡುತ್ತಾರೆ. ಒಳಗೊಳಗೇ, ತುಟಿ ಅಲುಗದಂತೆ, ಒಂದು ಹಾಡು ಹೇಳಿಕೊಳ್ಳುತ್ತಾರೆ.

ಹೋದವರು ಬರುವನಕ ನೀ ತೆರಳಬೇಡವ್ವ,
ನೀನಿದ್ದರಲ್ಲವೇ ದಾರಿ ಇರುವುದು.

ಹೆಣ್ಣುಮಕ್ಕಳಿಗೆ ಮಾತಿಗಿಂತ ಮೊದಲು ಈ ಉಸಿರನ್ನು ಕಲಿಸುತ್ತಾರೆ. ಗಂಡುಮಕ್ಕಳೂ ಅದನ್ನೇ ನೋಡಿ ಬೆಳೆಯುತ್ತಾರೆ. ಕಡಲು ಬತ್ತುವುದನ್ನು ಟೊಪ್ಪಿ ತೋರಿಸಿದಾಗ ಅವರ ಮೈ ಮಾಡಿದ್ದು ಅದನ್ನೇ. ಕೇಡು ಎದುರಿಗೆ ಬಂದಾಗ ಮೈಯನ್ನು ಕಲ್ಲು ಮಾಡಿಕೊಳ್ಳುವವರ ಮೈಯನ್ನು ಯಂತ್ರ ಅಳೆದು, ಇವರಿಗೆ ಕಡಲು ಬೇಡ ಎಂದು ಬರೆದುಕೊಂಡಿತ್ತು.

*

ಬಲೆಮನೆಯ ಕಟ್ಟೆಯಲ್ಲಿ ಊರು ಸೇರಿತು. ನಳಿನಾಕ್ಷಿ ಬಿಡಿಸಿ ಹೇಳಿದಳು. ಹೇಳುವಾಗ ಅವಳಿಗೇ ನಾಚಿಕೆಯಾಯಿತು. ಅಳದೆ ಇದ್ದದ್ದಕ್ಕೆ ಅಳಿವೆ ಹೋಗುತ್ತದೆ ಎಂಬ ಮಾತು ಆ ಮುಖಗಳ ಮೇಲೆ ಬಿತ್ತು.

ಹೆರಿಯಣ್ಣ ಊರಿನ ಹಿರಿಯ. ದೋಣಿಗಳು ಯಾವಾಗ ಇಳಿಯಬೇಕು, ಯಾವಾಗ ಏರಬೇಕು ಎಂಬುದು ಅವನ ಬಾಯಿಮಾತು. ಅವನು ತಲೆಯ ಮೇಲಿನ ಮುಂಡಾಸು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಾವ್ ಅಳೂದಿಲ್ಲ ಅಂದೇಳಿ ಅಳಿವೆ ಮಾರೂದಾ? ಇದೆಂತ ನ್ಯಾಯ ಮಾರಾಯ್ತಿ?"

"ನ್ಯಾಯ ಅಲ್ಲ ಹೆರಿಯಣ್ಣ. ಅಳತೆ."

"ಅಳತೆ ಮಾಡ್ದವ್ರ್ ಒಂದ್ ಸಲ ಬಂದ್ ಗಾಳಿಗೆ ದೋಣಿ ಬಿಟ್ಟಿದ್ರೆ ಗೊತ್ತಾತಿತ್ತ್."

"ಗೊತ್ತಾಗೂಕೆ ಪುರ್ಸೊತ್ತಿಲ್ಲ. ದೋಣಿ ಎಲ್ಲ ಮೇಲೆ ಎಳೆದರೆ ಅಳಬಹುದಲ್ಲ?" ನಳಿನಾಕ್ಷಿ ಕೇಳಿದಳು. "ಒಂದು ದಿನ. ಒಂದು ದೋಣಿಯೂ ನೀರಲ್ಲಿ ಇರಬಾರದು. ಆಗ ಕಡಲಿಗೆ ಕೇಳಿದರೂ ತೊಂದರೆ ಇಲ್ಲ."

ಮಳೆಗಾಲದ ರಜೆಯಲ್ಲಾದರೆ ದೋಣಿಗಳು ಹೇಗೂ ದಡದಲ್ಲೇ ಇರುತ್ತವೆ, ಆದರೆ ಮೇಲ್ಮನವಿಯ ಗಡುವು ಅದಕ್ಕೂ ಮೊದಲೇ ಮುಗಿಯುತ್ತಿತ್ತು. ಈಗ ಬಂಗುಡೆಯ ಕಾಲ. ಬೇರೆ ಊರಿನ ಬಲೆ ತುಂಬುವುದನ್ನು ನೋಡುತ್ತ ಕೂರಬೇಕು. ಗಂಡಸರಲ್ಲಿ ಗುಜುಗುಜು ಎದ್ದಿತು. ಹೆರಿಯಣ್ಣ ಮುಂಡಾಸನ್ನು ಮತ್ತೆ ಸುತ್ತಿಕೊಂಡ.

"ಎಳೆಯುವ," ಅಂದ. "ಎಲ್ಲ ದೋಣಿ ಮೇಲೆ ಬರ್ಲಿ. ಹೆಂಗಸ್ರ್ ಒಂದಿನ ಬಾಯ್ಬಿಟ್ಟ್ ಅಳ್ಲಿ. ಎಷ್ಟ್ ವರ್ಷದ್ದ್ ಬಾಕಿ ಇತ್ತೋ."

ಬಾಗಿ ಚಿಕ್ಕಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ನಳಿನಾಕ್ಷಿ ಅವಳ ಕಡೆ ನೋಡಿದಳು. ಚಿಕ್ಕಮ್ಮ ಅಳಿವೆಯ ಬಾಯಿಯತ್ತ ನೋಡುತ್ತಿದ್ದಳು.

*

ಅಳತೆಯ ದಿನ ಬೆಳಗಿನಿಂದ ದೋಣಿಗಳನ್ನು ಮರಳ ಮೇಲೆ ಏರಿಸಿದರು. ಕಂಪನಿಯ ಕಡೆಯ ಒಬ್ಬ ಪ್ರತಿನಿಧಿ ಕೊಡೆ ಹಿಡಿದು ಬಂದು ನಿಂತ. ಕೇಂದ್ರದ ವ್ಯಾನಿನೊಳಗೆ ನಳಿನಾಕ್ಷಿ ಯಂತ್ರದ ಮುಂದೆ ಕುಳಿತಳು. ಕಿವಿಯಲ್ಲಿ, ಕಾರವಾರದಲ್ಲಿ ಕೂತು ಅದೇ ಪರದೆ ನೋಡುತ್ತಿದ್ದ ಗಲಗಲಿಯವರ ದನಿ. ವ್ಯಾನಿನ ಬಾಗಿಲು ತೆರೆದೇ ಇತ್ತು. ಹೊರಗೆ ಮರಳಿನಲ್ಲಿ ಕುರ್ಚಿ, ಕುರ್ಚಿಯ ಎದುರು ಕಡಲು.

ಮೇಲ್ಮನವಿಯ ಅಳತೆಯಲ್ಲಿ ಒಂದು ಹೆಚ್ಚುವರಿ ಇತ್ತು. ಮೊದಲ ಸಲ ನೀರು ಬೂದಿಯಾಗಿ ಕರಗುವಲ್ಲಿಗೆ ನಿಲ್ಲಿಸಿದ್ದರು. ಈ ಸಲ ಪೂರ್ತಿ ಬತ್ತಬೇಕು. ಕಡಲಿನ ತಳ ಕಾಣಬೇಕು. ಆ ತಳವನ್ನು ಸಮೀಕ್ಷೆಯ ದೋಣಿಗಳು ತಂದ ಲೆಕ್ಕದಿಂದ ನಳಿನಾಕ್ಷಿಯೇ ಚಿತ್ರಿಸಿದ್ದಳು. ಕಲ್ಲು, ಕೆಸರು, ಹಳ್ಳ, ದಿಬ್ಬ ಎಲ್ಲ ಇದ್ದದ್ದು ಇದ್ದ ಹಾಗೆ.

ಮೊದಲು ಚಂದು ಕುಳಿತಳು. "ಈ ಸಲ ಶಾಲು ತಂದಿರಾ?" ಎಂದು ಪ್ರತಿನಿಧಿಯನ್ನು ಕೇಳಿ ಟೊಪ್ಪಿಯೊಳಗೆ ತಲೆ ಹಾಕಿದಳು. ಸ್ವಲ್ಪ ಹೊತ್ತು ಗೆರೆ ನೆಟ್ಟಗಿತ್ತು. ಆಮೇಲೆ ಅವಳ ಹೆಗಲು ನಡುಗಿತು. ಹಿಂದೆ ಸಾಲಾಗಿ ನಿಂತ ದೋಣಿಗಳ ಕಡೆ ಒಮ್ಮೆ ಕೈ ಚಾಚಿ, ಹತ್ತಿರದ ದೋಣಿಯ ಮೂತಿಯನ್ನು ತಡಕಿ, ಅದು ಅಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡಳು. ಆಗ ಬಂದ ಸದ್ದನ್ನು ಬೆಳ್ಳೆಕೋಡಿಯ ಕಡಲು ಅದುವರೆಗೆ ಕೇಳಿರಲಿಲ್ಲ. ಹೊಟ್ಟೆಯ ಬುಡದಿಂದ ಎದ್ದು ಬಂದ ಅಳು ಅದು. ಪರದೆಯ ಮೇಲೆ ಗೆರೆ ಕೆಳಗೆ ಬಿತ್ತು, ಬೀಳುತ್ತಲೇ ಹೋಯಿತು.

"ಅವ್ವಾ," ಗಲಗಲಿಯವರ ದನಿ ತಗ್ಗಿತು. "ಇದೇನ್ರಿ ಇದು."

ಒಬ್ಬರ ಹಿಂದೆ ಒಬ್ಬರು ಕುಳಿತರು. ಹೆರಿಯಣ್ಣ ಕುಳಿತ, ಮುಂಡಾಸಿನಿಂದ ಮುಖ ಒರೆಸಿಕೊಳ್ಳುತ್ತ ಎದ್ದ. ಸರದಿಗೆ ಕಾದು ನಿಂತವರೂ ಟೊಪ್ಪಿಯಿಲ್ಲದೆಯೇ ಅಳತೊಡಗಿದರು. ಎಂದೋ ಹೋದ ಅಣ್ಣನಿಗೆ, ಮಗನಿಗೆ, ತೀರಿಕೊಂಡಾಗ ತಾವು ತೆಂಗಿನ ಹಿತ್ತಿಲಿನಲ್ಲಿ ಅವಸರವಾಗಿ ಅತ್ತು ಮುಗಿಸಿದ್ದ ತಾಯಿಗೆ. ದಡದುದ್ದಕ್ಕೂ ಜನ ಮರಳಿನಲ್ಲಿ ಕುಸಿದು ಕೂತರು. ಕೊಡೆ ಹಿಡಿದವನು ಎತ್ತ ನೋಡಬೇಕೆಂದು ತಿಳಿಯದೆ ತನ್ನ ಬೂಟುಗಳನ್ನು ನೋಡಿಕೊಂಡ. ನಳಿನಾಕ್ಷಿ ಗುಂಡಿಗಳಿಂದ ಕೈ ತೆಗೆದಳು. ಇದನ್ನು ಬಿಚ್ಚಿದವಳು ತಾನು. ಮತ್ತೆ ಇದನ್ನು ಕಟ್ಟುವವರು ಯಾರು?

ಕೊನೆಗೆ ಉಳಿದದ್ದು ಬಾಗಿ ಚಿಕ್ಕಮ್ಮ ಒಬ್ಬಳೇ. ಅವಳು ಅತ್ತಿರಲಿಲ್ಲ. ನಳಿನಾಕ್ಷಿ ಇಳಿದು ಬಂದು ಅವಳಿಗೆ ತಾನೇ ಟೊಪ್ಪಿ ತೊಡಿಸಲು ನಿಂತಳು.

"ಚಿಕ್ಕಿ, ಎಲ್ಲ ದೋಣಿ ಬಂದಿತ್ತು. ಇನ್ನು ಹೆದರೂದು ಬೇಡ."

ಚಿಕ್ಕಮ್ಮ ಮರಳ ಮೇಲಿನ ದೋಣಿಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ನಮ್ದ್ ಎಲ್ಲಿ ಬಂತ್, ಹೆಣೆ?" ಅಂದಳು. ಸಿಟ್ಟಿಲ್ಲದೆ, ಲೆಕ್ಕ ತಪ್ಪಿದ ಮಗುವಿಗೆ ಹೇಳುವ ಹಾಗೆ. "ನಮ್ಮ ದೋಣಿ ಇನ್ನೂ ಬಪ್ಪುಕಿತ್ತಲೆ."

ಊರೆಲ್ಲ ಚಿಕ್ಕಮ್ಮನನ್ನು ಮುತ್ತೈದೆ ಎನ್ನುತ್ತಿತ್ತು, ನಳಿನಾಕ್ಷಿಯೂ ಅನ್ನುತ್ತಿದ್ದಳು. ಅದು ಉಪಚಾರದ ಮಾತು ಎಂದುಕೊಂಡಿದ್ದಳು. ಚಿಕ್ಕಮ್ಮನಿಗೆ ಅದು ಉಪಚಾರವಾಗಿರಲಿಲ್ಲ. ಇಷ್ಟು ವರ್ಷ ಅವಳು ಕಣ್ಣೀರು ಹಾಕದೆ ಒಂದು ದೋಣಿಯನ್ನು ಕಡಲಿನ ಮೇಲೆ ತೇಲಿಸಿ ಇಟ್ಟಿದ್ದಳು.

"ಹಾಕ್," ಚಿಕ್ಕಮ್ಮ ಅಂದಳು. "ಹೊತ್ತ್ ಹೋತ್ತ್."

ವ್ಯಾನಿಗೆ ಹಿಂದಿರುಗಿದವಳ ಎದುರು ಗೆರೆ ಓಡತೊಡಗಿತು. ಅಲೆ ಅಡಗಿತು, ಗೆರೆ ನೆಟ್ಟಗೆ. ವಾಸನೆ ಆರಿತು, ಗೆರೆ ನೆಟ್ಟಗೆ. ನೀರು ಬೂದಿಯಾಯಿತು, ಗೆರೆ ಕದಲಲಿಲ್ಲ. ನೀರು ಹಿಂದೆ ಸರಿದು, ಸರಿದು, ಇಲ್ಲವಾಯಿತು. ಕಡಲಿನ ತಳ ಬಿಸಿಲಿಗೆ ಬಿದ್ದಿತು.

ಆಗ ಗೆರೆ ಮೇಲಕ್ಕೆ ಎದ್ದಿತು.

ಯಾವ ದಡದಲ್ಲೂ, ಯಾರಿಗೂ ಗೆರೆ ಮೇಲಕ್ಕೆ ಹೋದದ್ದನ್ನು ನಳಿನಾಕ್ಷಿ ಕಂಡಿರಲಿಲ್ಲ. ಮೊದಲು ಒಂದು ಕೂದಲೆಳೆಯಷ್ಟು, ಆಮೇಲೆ ಗಿಡ ಚಿಗುರಿದಂತೆ.

"ಏನಾಗ್ಲಿಕ್ಕತ್ತದ ಅಲ್ಲಿ?" ಕಿವಿಯಲ್ಲಿ ಗಲಗಲಿಯವರ ದನಿ ಒಡೆಯಿತು. "ಮ್ಯಾಲೆ ಹೊಂಟದಲ್ರಿ. ಅಂದ್ರ ಸಮುದ್ರ ಹೋದದ್ದು ಈಕಿಗೆ ಲಾಭ ಅಂತಾತು. ಬೆಲಿ ಸೊನ್ನಿಗಿಂತಾ ಕೆಳಗ. ಎಲ್ಲಾ ಹೋತು ನಳಿನಾಕ್ಷಿ."

ಕೊಡೆಯವನು ವ್ಯಾನಿನ ಬಾಗಿಲಿಗೆ ಬಂದು ಪರದೆ ನೋಡಿದ. ಅವನ ಮುಖ ಅರಳಲಿಲ್ಲ, ಅವನೂ ಬೆರಗಾಗಿ ಕುರ್ಚಿಯತ್ತ ತಿರುಗಿ ನಿಂತ.

ನಳಿನಾಕ್ಷಿ ಹೊರಗೆ ನೋಡಿದಳು. ಕುರ್ಚಿಯಲ್ಲಿ ಚಿಕ್ಕಮ್ಮನ ಪಾದಗಳು ಅಲುಗುತ್ತಿದ್ದವು. ಹೆಬ್ಬೆರಳು ಮರಳಿನಲ್ಲಿ ಇಳಿದು, ತಡಕಿ, ಬದಿಗೆ ಸರಿದು, ಮತ್ತೆ ಇಳಿಯುತ್ತಿತ್ತು. ಅಳಿವೆಯ ಕೆಸರಿನಲ್ಲಿ ಚಿಪ್ಪು ಹುಡುಕುವ ಕಾಲುಗಳು. ಕೈಗಳು ಗಾಳಿಯಲ್ಲಿ ಏನನ್ನೋ ಸರಿಸುತ್ತಿದ್ದವು. ಟೊಪ್ಪಿಯೊಳಗಿನ ಬತ್ತಿದ ಕಡಲಿನಲ್ಲಿ ಅವಳು ನಡೆಯುತ್ತಿದ್ದಳು. ಕಲ್ಲಿನ ಹಿಂದೆ ನೋಡುತ್ತಿದ್ದಳು. ಹಳ್ಳಕ್ಕೆ ಬಗ್ಗುತ್ತಿದ್ದಳು. ನೀರು ಮುಚ್ಚಿಟ್ಟುಕೊಂಡಿದ್ದ ಅಷ್ಟೂ ನೆಲ ಈಗ ಅವಳ ಮುಂದೆ ತೆರೆದು ಬಿದ್ದಿತ್ತು. ಇಲ್ಲಿಲ್ಲ, ಅಲ್ಲಿರಬಹುದು, ಅಲ್ಲಿಲ್ಲ, ಆ ದಿಬ್ಬದ ಆಚೆ ಇರಬಹುದು. ಅವಳು ಹುಡುಕುತ್ತಿದ್ದಳು. ಆಸೆಗೆ ಯಂತ್ರ ಲಾಭ ಎಂದು ಹೆಸರಿಟ್ಟಿತ್ತು.

ಟೊಪ್ಪಿಯೊಳಗಿನ ದೃಶ್ಯ ಮುಗಿಯಲು ತುಸುವೇ ಹೊತ್ತು ಉಳಿದಿತ್ತು. ಮುಗಿದರೆ ಅಳಿವೆಯ ಬಾಯಿಗೆ ಗೋಡೆ. ಅಲ್ಲಿ ಬಿದ್ದು ಅಳುತ್ತಿರುವ ಅಷ್ಟೂ ಜನರ ಅಳು ದಂಡ.

ಚಿತ್ರಕಾರರ ಬಳಕೆಗೆಂದು ಯಂತ್ರದಲ್ಲಿ ಒಂದು ಭಂಡಾರವಿತ್ತು. ಬಂಡೆ, ಲಂಗರು, ಹವಳ, ಮುಳುಗಿದ ಹಡಗಿನ ಅಸ್ಥಿಪಂಜರ. ಬೇರೆ ಬೇರೆ ದಡಗಳಿಗೆ ಬೇಕಾದಾಗ ತೆಗೆದು ಇಡಲು. ನಳಿನಾಕ್ಷಿಯ ಕೈ ಅದನ್ನು ತೆರೆಯಿತು. ಮನಸ್ಸು ಇನ್ನೂ ಬೇಡ ಬೇಡ ಎನ್ನುತ್ತಿರುವಾಗಲೇ ಕೈ ಒಂದು ಸಣ್ಣ ಮರದ ದೋಣಿಯನ್ನು ಆರಿಸಿತು. ಹಳೆಯದು, ಮಗ್ಗುಲಾಗಿ ಮಲಗಿದ್ದು, ಅರ್ಧ ಕೆಸರಿನಲ್ಲಿ ಹೂತದ್ದು. ದಿಬ್ಬದ ಆಚೆ, ಅವಳ ಚಿಕ್ಕಮ್ಮ ಇನ್ನು ನಾಲ್ಕು ಹೆಜ್ಜೆಗೆ ತಲುಪುವಲ್ಲಿ, ಅದನ್ನು ಇಟ್ಟಿತು.

ಪಾದಗಳು ನಿಂತವು.

ಗೆರೆ ಇದ್ದ ಎತ್ತರದಲ್ಲಿ ಒಂದು ಕ್ಷಣ ತೂಗಿತು. ಆಮೇಲೆ ಬಿತ್ತು. ಪರದೆಯ ತಳ ಮುಟ್ಟಿತು, ಯಂತ್ರ ಪರದೆಯನ್ನು ಕೆಳಗೆ ಎಳೆದು ಇನ್ನಷ್ಟು ಜಾಗ ಮಾಡಿಕೊಟ್ಟಿತು, ಅದನ್ನೂ ಮುಟ್ಟಿತು. ಹೊರಗೆ ಬಾಗಿ ಚಿಕ್ಕಮ್ಮ ಗಂಡನ ಹೆಸರು ಹಿಡಿದು ಕೂಗಿದಳು. ಹೆಂಡತಿಯಾದವಳು ಎಂದೂ ಆಡದ ಹೆಸರು. "ಸಾಧೂ" ಎಂದು, ಆ ಕೊನೆಯ ಅಕ್ಷರವನ್ನು ಉಸಿರು ಇರುವ ತನಕ ಎಳೆದು. ಅಳುತ್ತಿದ್ದ ದಡವೆಲ್ಲ ಅಳು ನಿಲ್ಲಿಸಿ ಅವಳತ್ತ ತಿರುಗಿತು.

*

ಬಿಸಿಲು ಇಳಿಯುವ ಹೊತ್ತಿಗೆ ಗಲಗಲಿಯವರು ಫೋನಿನಲ್ಲಿ ಮಾತಾಡಿದರು. ಅಳಿವೆ ಉಳಿದಿತ್ತು. ಲೋಹದ ಬೆಲೆಯನ್ನು ದಾಟಿ, ಹೋಟೆಲಿನ ದಡಗಳನ್ನೂ ದಾಟಿ, ಇಡೀ ಕರಾವಳಿಯಲ್ಲಿ ಅಷ್ಟು ಬೆಲೆ ಯಾವ ನೀರಿಗೂ ಬಂದಿರಲಿಲ್ಲ. ಅದರಲ್ಲಿ ಹೆಚ್ಚಿನ ಪಾಲು ಒಬ್ಬ ಹೆಂಗಸಿನದು.

"ಒಂದು ಮಾತು ಕೇಳ್ತೀನಿ," ಅವರು ಅಂದರು. "ದಿಬ್ಬದ ಹಿಂದ ಒಂದು ದೋಣಿ ಕಂಡಂಗಾತು. ಅದು ಸರ್ವೇದಾಗ ಇತ್ತೇನು?"

ನಳಿನಾಕ್ಷಿ ಕಣ್ಣು ಮುಚ್ಚಿದಳು. "ಇತ್ತು ಸರ್."

ಆ ಕಡೆ ಕಾಗದ ಮಗುಚಿದ ಸದ್ದಾಯಿತು. "ಇತ್ತು ಅಂದ್ರ ಇತ್ತು," ಅಂದರು ಗಲಗಲಿ. "ನಾ ಸಹಿ ಮಾಡ್ತೀನವ್ವ." ಫೋನು ಇಟ್ಟರು.

ಮನೆಯಲ್ಲಿ ಚಾವಡಿ ತುಂಬ ಜನ. ಯಾರೋ ಅಳಿವೆ ಉಳಿದದ್ದಕ್ಕೆ ಅವಲಕ್ಕಿ ಬೆಲ್ಲ ಕಲಸಿ ತಂದಿದ್ದರು. ತಂದವರು ಬಾಗಿಲಲ್ಲಿ ನಿಂತು, ಒಳಗೆ ತರಬೇಕೋ ಬಾರದೋ ತಿಳಿಯದೆ, ತಟ್ಟೆ ಹಿಡಿದೇ ನಿಂತಿದ್ದರು. ಚಿಕ್ಕಮ್ಮ ಗೋಡೆಗೆ ಒರಗಿ ಕೂತಿದ್ದಳು. ಮುಖ ಊದಿತ್ತು. ಆದರೆ ಆ ಮುಖದಲ್ಲಿ ನಳಿನಾಕ್ಷಿ ಎಂದೂ ಕಾಣದ ಒಂದು ಸಡಿಲವಿತ್ತು, ಹೊರೆ ಇಳಿಸಿ ಕೂತವರ ಮುಖದಂತೆ. ಅವಳು ನಳಿನಾಕ್ಷಿಯ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

"ನೀನೂ ಕಂಡ್ಯಲ್ದಾ?"

ಈ ಒಂದು ಪ್ರಶ್ನೆಗೆ ಅವಳು ಸಿದ್ಧಳಾಗಿರಲಿಲ್ಲ. ಯಂತ್ರದ ಮುಂದೆ ಕೈ ಮಾಡಿದ್ದನ್ನು ಈಗ ಬಾಯಿ ಮಾಡಬೇಕಿತ್ತು.

"ಕಂಡೆ ಚಿಕ್ಕಿ."

"ನಂಗೊಬ್ಳಿಗೆ ಭ್ರಮೆ ಬಂದದ್ದಾ ಅಂದ್ಕಂಡೆ." ಚಿಕ್ಕಮ್ಮ ತಲೆಯಾಡಿಸಿದಳು. "ಅಷ್ಟ್ ಹತ್ರ ಇದ್ದಿರ್ ಕಾಣ್. ಆ ದಿಬ್ಬದ ಆಚೆಗೆ. ನಾನ್ ಇಷ್ಟ್ ವರ್ಷ ಎಲ್ಲೋ ಅರಬ್ಬಿ ದೇಶದ್ ಬದಿಗೆ ಹೋಯಿರ್, ಬತ್ತ್ರ್, ಅಂದೇಳಿ ಕೂತದ್ದ್. ನಿಂಗ್ಳ ಯಂತ್ರ ಇಲ್ದಿದ್ರೆ ಹಾಂಗೇ ಸಾಯ್ತಿದ್ದೆ." ಅವಳು ಅಂಗೈಯನ್ನು ನಳಿನಾಕ್ಷಿಯ ಕೆನ್ನೆಗೆ ಒತ್ತಿದಳು. "ನಿನ್ನ ಸಾಕಿದ್ದಕ್ಕೆ ಇದಕ್ಕಿಂತ ಹೆಚ್ಚ್ ಎಂತ ಬೇಕ್?"

ಹೆರಿಯಣ್ಣ ಮುಂದೆ ಬಂದ. ಹೇಳಬೇಕಾದ್ದನ್ನು ಊರಿನ ಪರವಾಗಿ ಅವನೇ ಹೇಳಬೇಕಿತ್ತು. "ಜಾಗ ಗೊತ್ತಾದ ಮೇಲೆ ಬಿಡೂಕಾಗ. ನಾಳೆ ಬೆಳಿಗ್ಗೆ ದೋಣಿ ಇಳ್ಸುವ. ಭಟ್ರಿಗೆ ಹೇಳಿ ಕಳ್ಸಿದ್ದೆ. ಅಲ್ಲೇ ಹೋಯಿ ಮಾಡೂದನ್ನ ಮಾಡಿ ಬಪ್ಪ. ಗಂಡ್ಮಕ್ಳ್ ಇಬ್ರ್ ಮುಳುಗಿ ಕಾಂತ್ರ್. ಒಂದ್ ಹಲಗೆ ಸಿಕ್ಕಿರೂ ಸಾಕ್."

"ಆಳ ಇತ್ತು ಹೆರಿಯಣ್ಣ," ನಳಿನಾಕ್ಷಿ ಅಂದಳು. ಅವಳ ದನಿ ಅವಳಿಗೇ ಬೇರೆಯವರದಂತೆ ಕೇಳಿತು. "ಕೆಸರು. ಸಿಕ್ಕೂದು ಕಷ್ಟ."

"ಸಿಕ್ಕದಿರೆ ಬೇಡ," ಚಿಕ್ಕಮ್ಮ ಅಂದಳು. "ನಂಗೆ ಆ ನೀರ್ ಕಂಡ್ರೆ ಸಾಕ್."

ಬೆಳಿಗ್ಗೆ ಬೆಳ್ಳೆಕೋಡಿಯ ದೋಣಿಗಳು ಒಂದರ ಹಿಂದೊಂದು ಅಳಿವೆಯ ಬಾಯಿ ದಾಟಿ ಹೊರಬಿದ್ದವು. ಕಟ್ಟಬೇಕೆಂದಿದ್ದ ಗೋಡೆಯ ಜಾಗದಲ್ಲಿ ನೀರು ಎಂದಿನಂತೆ ಒಳಗೂ ಹೊರಗೂ ಉಸಿರಾಡುತ್ತಿತ್ತು. ಮುಂದಿನ ದೋಣಿಯಲ್ಲಿ ಬಿಳಿ ಸೀರೆಯುಟ್ಟ ಬಾಗಿ ಚಿಕ್ಕಮ್ಮ, ಎಳ್ಳು ದರ್ಭೆ ಹಿಡಿದ ಭಟ್ಟರು, ಚುಕ್ಕಾಣಿಯಲ್ಲಿ ಹೆರಿಯಣ್ಣ. ಮುಂಭಾಗದಲ್ಲಿ ನಳಿನಾಕ್ಷಿ. ನಾಲ್ಕು ದಿಕ್ಕಿಗೂ ಕಡಲು ಒಂದೇ ಸಮನೆ ಹೊಳೆಯುತ್ತಿತ್ತು, ಎಲ್ಲಿಯೂ ಒಂದು ಗುರುತಿಲ್ಲ.

ದಡ ಸಣ್ಣದಾಯಿತು. ಹೆರಿಯಣ್ಣ ಎಂಜಿನ್ನಿನ ಸದ್ದು ತಗ್ಗಿಸಿದ. ಹಿಂದಿನ ದೋಣಿಗಳೂ ತಗ್ಗಿಸಿದವು.

"ಹೇಳ್ ಮಗಾ," ಅಂದ. "ಯಾವ್ ಬದಿಗೆ ತಿರ್ಗ್ಸೂದು?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಚಿಕ್ಕಮ್ಮ ಎದ್ದು ನಿಂತು, ಸೆರಗನ್ನು ಗಾಳಿಗೆ ಹಾರದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಳಿನಾಕ್ಷಿ ಕೈ ಎತ್ತಿ ತೋರಿಸಿದಳು. ದೋಣಿ ಆ ಕಡೆಗೆ ತಿರುಗಿತು.